ಎರಡು ಗಂಟೆಗೆ ಎಲ್ಲ ಬಂದ್

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಡಿಸೆಂಬರ್ 20 ದಾಟಿತು ಅಂದ್ರೆ ಜಾತ್ರೆ ಮುಗಿದ ಮಾರನೆಯ ದಿನದ ಬಯಲು ಇದ್ದ ಹಾಗೆ. ಆ ಕಡೆಯ ಕ್ಲೈಂಟ್‌ಗಳು ಒಬ್ಬೊಬ್ಬರಾಗಿ 'ಔಟ್ ಆಫ್ ಆಫೀಸ್' ಹಾಕಿ ಮಾಯವಾಗ್ತಾರೆ. ಸಂಜೆ ಏಳರ ಕಾಲ್‌ಗಳು ತಾವಾಗಿಯೇ ರದ್ದಾಗುತ್ತವೆ. ಕೆಫೆಟೇರಿಯಾದ ಮೂಲೆಯಲ್ಲಿ ಹತ್ತಿ ಉಂಡೆ ಅಂಟಿಸಿದ ಪ್ಲಾಸ್ಟಿಕ್ ಮರ, ಅದರ ಕೆಳಗೆ ಒಳಗೇನೂ ಇಲ್ಲದ ಗಿಫ್ಟ್ ಡಬ್ಬಗಳು. ಎಚ್‌ಆರ್‌ನವರು ಕೆಂಪು ಟೋಪಿ ಹಾಕಿಕೊಂಡು ಡೆಸ್ಕಿಂದ ಡೆಸ್ಕಿಗೆ ಪ್ಲಮ್ ಕೇಕ್ ಹಂಚುತ್ತಾರೆ.

ನನಗೆ ಈ ಹಬ್ಬದ ಮೇಲೆ ಪ್ರೀತಿ ಹುಟ್ಟಿದ್ದು ಕೇಕಿನಿಂದ ಅಲ್ಲ. ಯುಗಾದಿಗೆ ಎರಡು ದಿನ ಹೆಚ್ಚಿಗೆ ರಜೆ ಕೇಳಿದರೆ ಮುಖ ಗಂಟು ಹಾಕುವ ಮ್ಯಾನೇಜರು, ಡಿಸೆಂಬರ್ ಕೊನೆಗೆ ಹನ್ನೆರಡು ದಿನ ಕೇಳಿದರೂ ತಲೆಯೆತ್ತದೆ ಅಪ್ರೂವ್ ಒತ್ತುತ್ತಿದ್ದರು. ಆ ಹನ್ನೆರಡು ದಿನ ಸರಿಯಾಗಿ ನಮ್ಮೂರಿನ ಅಡಿಕೆ ಕೊಯ್ಲಿನ ಮೇಲೇ ಬಂದು ಕೂರುತ್ತಿತ್ತು. ಯೇಸು ಹುಟ್ಟಿದ ಹಬ್ಬಕ್ಕೆ ರಜೆ ತಗೊಂಡು ಹೊಸನಗರ ತಾಲ್ಲೂಕಿನ ಒಂದು ಮೂಲೆಯಲ್ಲಿ ಕೂತು ಅಡಿಕೆ ಸುಲಿಯುವ ಇಂಜಿನಿಯರುಗಳು ನಾನೊಬ್ಬನೇ ಅಲ್ಲ ಬಿಡಿ. ಡಿಸೆಂಬರ್ 23ರ ರಾತ್ರಿ ಮೆಜೆಸ್ಟಿಕ್ಕಿನಿಂದ ಹೊರಡುವ ಸಾಗರ, ತೀರ್ಥಹಳ್ಳಿ, ಶಿರಸಿ ಬಸ್ಸುಗಳಲ್ಲಿ ಲ್ಯಾಪ್‌ಟಾಪ್ ಬ್ಯಾಗು ತೊಡೆ ಮೇಲಿಟ್ಟುಕೊಂಡವರನ್ನು ಎಣಿಸಿ ನೋಡಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೀನಿ. ಹಗಲು ಕೊನೆ ತೆಗೆಯುವವನು ಮರ ಹತ್ತಿ ಗೊನೆ ಇಳಿಸುತ್ತಾನೆ. ಒಂದು ಮರದ ತುದಿಯಿಂದಲೇ ಪಕ್ಕದ ಮರಕ್ಕೆ ದಾಟುವ ಅವನನ್ನು ಕೆಳಗಿನಿಂದ ನೋಡುವಾಗ ಇವತ್ತಿಗೂ ನನ್ನ ಕಾಲು ನಡುಗುತ್ತದೆ. ಗೊನೆ ಹೊತ್ತು ಅಂಗಳಕ್ಕೆ ತಂದು ಸುರಿದರೆ ರಾತ್ರಿ ಊಟದ ನಂತರ ಸುಲಿಯುವ ಕೆಲಸ ಶುರು. ಅಕ್ಕಪಕ್ಕದವರೆಲ್ಲ ತಮ್ಮ ತಮ್ಮ ಮೆಟ್ಟುಗತ್ತಿ ಹಿಡಿದು ಬರುತ್ತಾರೆ. ಕೂಲಿ ಡಬ್ಬದ ಲೆಕ್ಕ. ಒಂದು ದೊಡ್ಡ ಬಲ್ಬು, ಅದರ ಕೆಳಗೆ ಹತ್ತು ಹದಿನೈದು ಜನ, ಕಂಬಳಿ, ಎಲೆ ಅಡಿಕೆ ತಟ್ಟೆ, ರೇಡಿಯೋ, ಊರಿನ ಅಷ್ಟೂ ಸುದ್ದಿ. ಬೆಳಗಿನ ಜಾವ ಅಪ್ಪಯ್ಯ ಎದ್ದು ತಾಮ್ರದ ಹಂಡೆಯ ಕೆಳಗೆ ಬೆಂಕಿ ಮಾಡುತ್ತಿದ್ದರು. ಸುಲಿದ ಅಡಿಕೆ ಚೊಗರಿನಲ್ಲಿ ಬೆಂದು ಕೆಂಪಾಗಿ ಮೇಲೆ ಬರಬೇಕು, ಆಮೇಲೆ ಬಿಸಿಲಿಗೆ. ನಾನು ಆ ಒಲೆಯ ಮುಂದೆ ಚಳಿ ಕಾಯಿಸುತ್ತಾ ಕೂರುತ್ತಿದ್ದೆ. ಜನವರಿ ಎರಡಕ್ಕೆ ಆಫೀಸಿಗೆ ಬಂದಾಗ ಹೆಬ್ಬೆರಳಿನ ಮೇಲೆ ಚೊಗರಿನ ಕಪ್ಪು ಕಲೆ. 'ಇಂಕಾ?' ಅಂತ ಯಾರಾದರೂ ಕೇಳಿಯೇ ಕೇಳುತ್ತಿದ್ದರು. ಸೋಪಿಗೆ ಅದು ಜಗ್ಗುವುದಿಲ್ಲ, ಉಗುರು ಬೆಳೆದು ಹೋಗಬೇಕು ಅಷ್ಟೆ.

ಐದು ಕ್ರಿಸ್ಮಸ್ ಹೀಗೆ ಕಳೆದವು. 2009ರಲ್ಲಿ ಲೆಕ್ಕ ಬದಲಾಯಿತು. ನಮ್ಮ ಕ್ಲೈಂಟಿನ ವರ್ಷಾಂತ್ಯದ ಬ್ಯಾಚ್ ಓಡುವಾಗ ಅಲ್ಲಿ ಒಬ್ಬರು ಇರಲೇಬೇಕು, ಅಲ್ಲಿಯವರೆಲ್ಲ ಹಬ್ಬದ ರಜೆಯಲ್ಲಿ. "ನಿಂಗೆ ಕ್ರಿಸ್ಮಸ್ ಇಲ್ವಲ್ಲ, ಪ್ರಾಬ್ಲಂ ಏನು?" ಅಂದರು ಮ್ಯಾನೇಜರು. ಮೊದಲ ಆನ್‌ಸೈಟ್ ಅವಕಾಶ, ಬಿಇ ಓದಿಸಿದ ಸಾಲ ಇನ್ನೂ ಒಂದಷ್ಟು ಬಾಕಿ. ನನಗೂ ಹೋಗುವ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ. ವೀಸಾ ಕೈಗೆ ಬರುವುದಕ್ಕೂ ಹಬ್ಬ ಬರುವುದಕ್ಕೂ ಸರಿಹೋಯಿತು. ಹಬ್ಬದ ದಿನವೇ ಊರು ತಲುಪುವ ವಿಮಾನಕ್ಕೆ ಗಿರಾಕಿ ಕಡಿಮೆ, ಟಿಕೆಟ್ ಅಗ್ಗ. ಹಾಗಾಗಿ ಡಿಸೆಂಬರ್ 24ರ ಗುರುವಾರ ಬೆಳಿಗ್ಗೆ ನಾನು ಫ್ರಾಂಕ್‌ಫರ್ಟಿನಲ್ಲಿ ಇಳಿಯುವುದು ಅಂತಾಯ್ತು.

ಊರಿಗೆ ಫೋನ್ ಮಾಡಿ ಹೇಳಿದಾಗ ಅಪ್ಪಯ್ಯ ಖುಷಿಪಟ್ಟರು. ನಾಲ್ಕು ಮನೆಗೆ ಸುದ್ದಿಯೂ ಮುಟ್ಟಿಸಿದರು. ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿ, "ಚೇಣಿಯವರು ಬಂದಿದ್ರು ಮಾರಾಯ" ಅಂದರು.

ಚೇಣಿ ಅಂದ್ರೆ ಫಸಲನ್ನು ಗುತ್ತಿಗೆ ಕೊಡುವುದು. ಚೇಣಿದಾರ ತನ್ನ ಆಳು ತಂದು ಗೊನೆ ಇಳಿಸಿ, ಹಸಿ ಅಡಿಕೆ ತೂಕ ಮಾಡಿ ಗಾಡಿಗೆ ಹೇರಿಕೊಂಡು ಹೋಗುತ್ತಾನೆ. ಕ್ವಿಂಟಾಲಿಗೆ ಇಷ್ಟು ದುಡ್ಡು, ಅಥವಾ ಇಷ್ಟು ಕೆ.ಜಿ. ಒಣ ಅಡಿಕೆ ಅಂತ ಮೊದಲೇ ಮಾತಾಗಿರುತ್ತದೆ. ಸುಲಿಯುವುದು, ಬೇಯಿಸುವುದು, ಒಣಗಿಸುವುದು, ಮೋಡ ಬಂದರೆ ಎದೆ ಹೊಡೆದುಕೊಳ್ಳುವುದು ಎಲ್ಲ ಅವನದ್ದು. ತೋಟದ ಯಜಮಾನನಿಗೆ ಉಳಿಯುವುದು ತೂಕದ ಮುಳ್ಳು ನೋಡುವ ಕೆಲಸ. ನಮ್ಮ ಸುತ್ತಮುತ್ತ ಆಗಲೇ ಅರ್ಧ ಮನೆಗಳು ಚೇಣಿಗೆ ಹೋಗಿದ್ದವು. ಅದೇನು ಅವಮಾನದ ವಿಷಯವಲ್ಲ. ಆದರೆ ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಕೊಟ್ಟಿರಲಿಲ್ಲ. "ಕೈ ಕಾಲು ಗಟ್ಟಿ ಇದ್ದವರು ಚೇಣಿ ಕೊಡೋದಿಲ್ಲ" ಅಂತ ಅಪ್ಪಯ್ಯ ಬೇರೆಯವರ ವಿಷಯಕ್ಕೆ ಹೇಳಿದ್ದನ್ನು ನಾನೇ ಎಷ್ಟೋ ಸಲ ಕೇಳಿದ್ದೆ.

ಈಗ ಅವರಿಗೆ ಅರವತ್ತೊಂದು. ಮಂಡಿ ನೋವು. ಸುಲಿಯಲು ಬರುತ್ತಿದ್ದ ಹುಡುಗರು ಶಿವಮೊಗ್ಗ, ಬೆಂಗಳೂರು ಸೇರಿದ್ದರು (ನನ್ನನ್ನೂ ಆ ಪಟ್ಟಿಗೆ ಸೇರಿಸಿಕೊಳ್ಳಬಹುದು). ಮೊದಲ ಕೊಯ್ಲನ್ನು ಹೇಗೋ ಮುಗಿಸಿದ್ದರು. ಎರಡನೆಯದಕ್ಕೆ ಮಗ ಬರ್ತಾನೆ ಅಂತ ಕಾದಿದ್ದರು.

"ಗುರುವಾರ ಸಂಜೆ ಏಳಕ್ಕೆ ಮತ್ತೆ ಬರ್ತಾರಂತೆ, ಮುಂಗಡ ಹಿಡ್ಕೊಂಡು. ನೀ ಅಲ್ಲಿ ತಲುಪಿ ಒಂದು ಫೋನ್ ಮಾಡು. ಆಮೇಲೆ ನೋಡಾಣ" ಅಂದರು.

ಸಾಮಾನಿನ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ಆನ್‌ಸೈಟ್ ಹೋಗುವ ಎಲ್ಲರ ಸೂಟ್‌ಕೇಸೂ ಒಂದೇ: ಪ್ರೆಷರ್ ಕುಕ್ಕರು, ಎಂಟಿಆರ್ ಪೊಟ್ಟಣ, ಚಟ್ನಿಪುಡಿ, ಮೂರು ಪದರ ಪ್ಲಾಸ್ಟಿಕ್ ಸುತ್ತಿದ ಅಪ್ಪೆಮಿಡಿ ಉಪ್ಪಿನಕಾಯಿ. ಜಾಕೆಟ್ ಮಾತ್ರ ನನ್ನದಲ್ಲ. ನಮ್ಮ ಟೀಮಿನಲ್ಲಿ ಒಂದು ದಪ್ಪ ಕಪ್ಪು ಜಾಕೆಟ್ ಇತ್ತು. ಅದು ಮಿನಿಯಾಪೊಲಿಸ್ ನೋಡಿತ್ತು, ಸ್ಟಾಕ್‌ಹೋಮ್ ನೋಡಿತ್ತು. ಹೋದವರು ಬಂದು ಡ್ರೈಕ್ಲೀನ್ ಮಾಡಿಸಿ ಮುಂದಿನವನಿಗೆ ದಾಟಿಸಬೇಕು ಅನ್ನೋದು ನಿಯಮ. ಒಳಜೇಬಿನಲ್ಲಿ ಯಾರದ್ದೋ ಹಳೆಯ ಟ್ರಾಮ್ ಟಿಕೆಟ್ಟು ಸಿಕ್ಕಿತು. ನಾನೂ ಅದನ್ನು ಅಲ್ಲೇ ಬಿಟ್ಟೆ.

ಹತ್ತು ಗಂಟೆಯ ಹಾರಾಟ, ಒಂದು ಚೂರೂ ನಿದ್ದೆ ಇಲ್ಲ. ಇಳಿದು ಹೊರಗೆ ನೋಡಿದರೆ ಎಂಟು ಗಂಟೆಗೂ ಕಪ್ಪು ಕತ್ತಲೆ. ನಕ್ಷೆಯಲ್ಲಿ ಫ್ರಾಂಕ್‌ಫರ್ಟು 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಬೆಂಗಳೂರು 13ರಲ್ಲಿ. ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಸಂಗತಿ. ಅದರ ಅರ್ಥ ಏನು ಅಂತ ತಿಳಿದದ್ದು ಅವತ್ತು. ಡಿಸೆಂಬರಿನ ಕೊನೆಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಎಂಟೂ ಇಪ್ಪತ್ತರ ಮೇಲೆ, ಮುಳುಗುವುದು ನಾಲ್ಕೂವರೆಯೊಳಗೆ. ಹುಟ್ಟಿದನೋ ಇಲ್ಲವೋ ಅನ್ನುವುದೂ ಅನುಮಾನ, ಏಕೆಂದರೆ ಕತ್ತಲೆ ಹೋಗಿ ಬಂದದ್ದು ಬೆಳಕಲ್ಲ, ಬೂದಿ ಬಣ್ಣ. ಹಿಂದಿನ ವಾರ ಬಿದ್ದ ಹಿಮ ಕರಗಿ ರಸ್ತೆ ಬದಿಯಲ್ಲಿ ಕೊಳೆ ಗುಡ್ಡೆಯಾಗಿ ಕೂತಿತ್ತು. ಸಿನಿಮಾದಲ್ಲಿ ನೋಡಿದ ಹಿಮಕ್ಕೂ ಇದಕ್ಕೂ ಸಂಬಂಧವಿಲ್ಲ.

ವಿಮಾನ ನಿಲ್ದಾಣದ ಕೆಳಗೇ ರೈಲು. ಎಸ್-ಬಾನ್ ಹತ್ತಿದರೆ ಹನ್ನೆರಡು ಹದಿಮೂರು ನಿಮಿಷಕ್ಕೆ ಊರಿನ ಮುಖ್ಯ ನಿಲ್ದಾಣ. ಟಿಕೆಟ್ ನೋಡುವವರಿಲ್ಲ, ಗೇಟಿಲ್ಲ. ಬೋಗಿಯಲ್ಲಿ ಹತ್ತಾರು ಜನರಿದ್ದರೂ ಮಾತಿಲ್ಲ. ನನ್ನ ಸೂಟ್‌ಕೇಸಿನೊಳಗೆ ಕುಕ್ಕರಿನ ಮುಚ್ಚಳ ಕಟಕಟ ಅನ್ನುವುದು ಇಡೀ ಬೋಗಿಗೆ ಕೇಳುತ್ತಿತ್ತು.

ಕಂಪನಿ ಗೊತ್ತು ಮಾಡಿದ ಮನೆ ಮೈನ್ ನದಿಯ ಆಚೆ, ಸಾಕ್ಸನ್‌ಹೌಸನ್ನಿನಲ್ಲಿ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಕೀ ಕೊಡಲು ಅರವತ್ತರ ಆಸುಪಾಸಿನ ಕಟ್ಟಡದ ಮೇಲ್ವಿಚಾರಕ ಕಾಯುತ್ತಿದ್ದ. ಅವನಿಗೆ ಹತ್ತು ಇಂಗ್ಲಿಷ್ ಪದ, ನನಗೆ ಎರಡು ಜರ್ಮನ್ ಪದ. ಆದರೂ ಪಾಠ ಚೆನ್ನಾಗಿ ನಡೆಯಿತು. ಕಸಕ್ಕೆ ನಾಲ್ಕು ಬಣ್ಣದ ಡಬ್ಬಿ. ಕಿಟಕಿಯ ಹಿಡಿ ಅಡ್ಡಕ್ಕೆ ತಿರುಗಿಸಿದರೆ ಬಾಗಿಲಿನಂತೆ ತೆರೆಯುತ್ತದೆ, ಮೇಲಕ್ಕೆ ತಿರುಗಿಸಿದರೆ ಇಡೀ ಕಿಟಕಿ ಕಳಚಿ ಮೈಮೇಲೆ ಬೀಳುವ ಹಾಗೆ ಒಳಕ್ಕೆ ವಾಲುತ್ತದೆ. ಗೋಡೆಗೆ ಕೂರಿಸಿದ ಕಬ್ಬಿಣದ ಹೀಟರಿನ ತಿರುಪಿನಲ್ಲಿ 1ರಿಂದ 5, ಜೊತೆಗೆ ಒಂದು ಹಿಮದ ಹೂವಿನ ಚಿಹ್ನೆ. ಬೆಂಕಿಯೂ ಇಲ್ಲ, ಹೊಗೆಯೂ ಇಲ್ಲ, ಬೆಚ್ಚಗಾಗುತ್ತದೆ. ಬಚ್ಚಲೊಲೆ ಮುಂದೆ ಬೆಳೆದವನಿಗೆ ಇದು ಸ್ವಲ್ಪ ಮೋಸ ಅನಿಸುತ್ತದೆ, ಕಣ್ಣಿಗೆ ಕಾಣದ ಶಾಖವನ್ನು ನಂಬುವುದು ಹೇಗೆ?

ಹೊರಡುವಾಗ ಅವನು ಬಾಗಿಲಲ್ಲಿ ನಿಂತು ತನ್ನ ಕೈಗಡಿಯಾರದ ಮೇಲೆ ಬೆರಳು ಬಡಿದ. "ಟೂ ಓ ಕ್ಲಾಕ್. ಅಲ್ಲೆಸ್ ತ್ಸೂ." ನನಗೆ ಅರ್ಥವಾಗಲಿಲ್ಲ ಅಂತ ನೋಡಿ, ಎರಡೂ ಕೈಯಿಂದ ಶಟರ್ ಎಳೆದು ತೋರಿಸಿದ. "ಶಾಪ್. ಟೂ ಓ ಕ್ಲಾಕ್. ದೆನ್ ಮಂಡೇ."

ಆಮೇಲೆ ತಿಳಿಯಿತು. ಆ ರಾಜ್ಯದ ಕಾನೂನೇ ಹಾಗೆ. 24ನೇ ತಾರೀಕು ಮಧ್ಯಾಹ್ನ ಎರಡಕ್ಕೆ ಅಂಗಡಿಗಳು ಮುಚ್ಚಬೇಕು. 25 ರಜೆ, 26 ಕೂಡ ರಜೆ. ಆ ವರ್ಷ 27 ಭಾನುವಾರ, ಭಾನುವಾರ ಅಲ್ಲಿ ಅಂಗಡಿ ತೆರೆಯುವಂತಿಲ್ಲ. ಅಂದರೆ ಮೂರೂವರೆ ದಿನ ಇಡೀ ಊರು ಬಂದ್. ನಮ್ಮಲ್ಲಿ ಬಂದ್ ಮಾಡಿಸುವುದಕ್ಕೆ ಟೈರ್ ಸುಡಬೇಕು, ಬಸ್ಸಿಗೆ ಕಲ್ಲು ಬೀಳಬೇಕು. ಇವರು ಹಬ್ಬಕ್ಕೆ ಅಂತ ಸುಮ್ಮನೆ ಬಾಗಿಲು ಹಾಕಿಕೊಂಡು ಮನೆಗೆ ಹೋಗುತ್ತಾರೆ. ನಮ್ಮ ಹಬ್ಬ ಅಂದ್ರೆ ಅಂಗಡಿ ರಾತ್ರಿ ಹನ್ನೊಂದರವರೆಗೆ ತೆರೆದಿರುವುದು, ಇವರದ್ದು ಮುಚ್ಚಿರುವುದು.

ನನ್ನ ಲೆಕ್ಕ ಆಗ ಶುರುವಾಯಿತು. ಚಳಿಗಾಲದಲ್ಲಿ ಜರ್ಮನಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಊರಲ್ಲಿ ಚೇಣಿಯವರು ಬರುವ ಸಂಜೆ ಏಳು ಅಂದರೆ ಇಲ್ಲಿ ಎರಡೂವರೆ. ಅಪ್ಪಯ್ಯ ತೋಟದಿಂದ ಬರುವುದು ಕತ್ತಲಾಗುವ ಹೊತ್ತಿಗೆ, ಅಂದರೆ ಆರು, ಇಲ್ಲಿ ಒಂದೂವರೆ. ಲ್ಯಾಂಡ್‌ಲೈನು ಮನೆಯಲ್ಲಿ. ನನ್ನ ಮೊಬೈಲಿನಲ್ಲಿ ರೋಮಿಂಗ್ ಇಲ್ಲ, ಕಂಪನಿಯ ಸಿಮ್ ಸೋಮವಾರ ಆಫೀಸಿನಲ್ಲಿ ಸಿಗುವುದು, ಮನೆಯಲ್ಲಿ ಇಂಟರ್ನೆಟ್ ಇಲ್ಲ. ಒಂದೂವರೆಯಿಂದ ಎರಡರ ನಡುವೆ ಎಲ್ಲಿಂದಾದರೂ ಫೋನ್ ಮಾಡಬೇಕು, ಅದಕ್ಕೂ ಮುಂಚೆ ನಾಲ್ಕು ದಿನದ ಅನ್ನಕ್ಕೆ ದಾರಿ ಮಾಡಿಕೊಳ್ಳಬೇಕು. ಗಂಟೆ ಹನ್ನೊಂದು. ಕಣ್ಣು ಎಳೆಯುತ್ತಿತ್ತು.

ಜೆಟ್ ಲ್ಯಾಗ್ ಬಗ್ಗೆ ಎಲ್ಲರೂ ಸಲಹೆ ಕೊಡ್ತಾರೆ, ನನಗೆ ಸಮಾಧಾನವಾದ ವಿವರಣೆ ನಮ್ಮ ಕೆಲಸದಲ್ಲೇ ಇದೆ. ಸರ್ವರುಗಳ ಗಡಿಯಾರ ಸರಿಮಾಡುವ ಎನ್‌ಟಿಪಿ ಗೊತ್ತಲ್ಲ? ಗಡಿಯಾರ ಚೂರೇ ಚೂರು ತಪ್ಪಿದ್ದರೆ ಅದು ಮುಳ್ಳನ್ನು ಹಾರಿಸುವುದಿಲ್ಲ, ನಿಧಾನಕ್ಕೆ ಎಳೆದು ತರುತ್ತದೆ. ಬಹಳ ತಪ್ಪಿದ್ದರೆ ಒಂದೇ ಸಲಕ್ಕೆ ಹಾರಿಸುತ್ತದೆ. ದೇಹಕ್ಕೆ ಆ ಹಾರಿಸುವ ಸೌಲಭ್ಯ ಕೊಟ್ಟಿಲ್ಲ. ಮಿದುಳಿನಲ್ಲಿ, ಎರಡು ಕಣ್ಣಿನ ನರಗಳು ಅಡ್ಡ ಹಾಯುವ ಜಾಗದ ಮೇಲೆ, ಸುಮಾರು 20,000 ಜೀವಕೋಶಗಳ ಒಂದು ಗುಂಪು ಇದೆ. ಅದೇ ನಮ್ಮ ಮುಖ್ಯ ಗಡಿಯಾರ. ಅದು ಕಣ್ಣಿಗೆ ಬೀಳುವ ಬೆಳಕು ನೋಡಿಕೊಂಡು ದಿನಕ್ಕೆ ಹೆಚ್ಚೂಕಡಿಮೆ ಒಂದು ಗಂಟೆಯಷ್ಟು ಸರಿದುಕೊಳ್ಳುತ್ತದೆ. ಪಶ್ಚಿಮಕ್ಕೆ ಹೋದರೆ ದಿನ ಉದ್ದವಾಗುತ್ತದೆ, ಅದನ್ನು ದೇಹ ಬೇಗ ಒಪ್ಪುತ್ತದೆ. ಪೂರ್ವಕ್ಕೆ ಬರುವಾಗಲೇ ಕಷ್ಟ. ಆ ಲೆಕ್ಕದಲ್ಲಿ ನಾಲ್ಕೂವರೆ ಗಂಟೆ ದೊಡ್ಡದೇನಲ್ಲ. ಅಮೆರಿಕಕ್ಕೆ ಹೋದವರ ಮುಂದೆ ಹೇಳಿಕೊಂಡರೆ ನಗುತ್ತಾರೆ. ಆದರೆ ಬೆಳಕು ನೋಡಿ ಸರಿದುಕೊಳ್ಳುವ ಗಡಿಯಾರಕ್ಕೆ ಬೆಳಕೇ ಇಲ್ಲದ ಊರನ್ನು ತೋರಿಸಿದರೆ ಅದು ಏನು ಮಾಡಬೇಕು? ಮಂಚದ ಮೇಲೆ ಕೂತರೆ ಮುಗಿಯಿತು ಅಂತ ಗೊತ್ತಿತ್ತು. ಮುಖ ತೊಳೆದು, ಜಾಕೆಟ್ಟಿನ ಜಿಪ್ಪು ಗಲ್ಲದವರೆಗೆ ಎಳೆದು ಹೊರಬಿದ್ದೆ.

ಸೂಪರ್ ಮಾರ್ಕೆಟ್ಟಿನಲ್ಲಿ ಯುದ್ಧಕ್ಕೆ ಮುಂಚಿನ ಗದ್ದಲ. ಶಿಸ್ತಿನ ಗದ್ದಲ ಅನ್ನಿ, ಯಾರೂ ನುಗ್ಗುವುದಿಲ್ಲ, ಆದರೆ ಒಬ್ಬೊಬ್ಬರ ಗಾಡಿಯೂ ತುಂಬಿ ತುಳುಕುತ್ತಿತ್ತು. ಆಲೂಗಡ್ಡೆ ಚೀಲಗಟ್ಟಲೆ. 24ರ ರಾತ್ರಿ ಅನೇಕ ಮನೆಗಳಲ್ಲಿ ಆಲೂಗಡ್ಡೆ ಸಲಾಡು ಮತ್ತು ಸಾಸೇಜು ಅಷ್ಟೇ ಊಟವಂತೆ, ಬಾತುಕೋಳಿಯ ಜಾತಿಯ ದೊಡ್ಡ ಅಡುಗೆ ಏನಿದ್ದರೂ ಮರುದಿನಕ್ಕೆ. ಗೌರಿ ಹಬ್ಬದ ದಿನ ಸರಳ ಅಡುಗೆ, ಗಣೇಶನಿಗೆ ಕಡುಬು ಅನ್ನೋ ಹಾಗೆ. ನಾನು ಮೊಸರು, ಹಾಲು, ಬ್ರೆಡ್ಡು, ಬಾಳೆಹಣ್ಣು, ಈರುಳ್ಳಿ ತಗೊಂಡೆ. ಅಕ್ಕಿ ಹುಡುಕಿದರೆ ಸಿಕ್ಕಿದ್ದು ತೂತು ತೂತಿನ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಸಿಟ್ಟ ಅಕ್ಕಿ. ಚೀಲ ಸಮೇತ ಕುದಿಯುವ ನೀರಿಗೆ ಹಾಕಿ, ಬೆಂದ ಮೇಲೆ ಎತ್ತಬೇಕು. ಗಂಜಿಯ ಮಾತೇ ಇಲ್ಲ. ಅಮ್ಮನಿಗೆ ಇದನ್ನು ಹೇಳಬೇಕು ಅಂದುಕೊಂಡೆ. ಬಿಲ್ಲಿನ ಮೊತ್ತವನ್ನು 67ರಿಂದ ಗುಣಿಸಿ ಒಂದು ಕ್ಷಣ ಉಸಿರು ನಿಂತಿತು. ಮೊದಲ ವಾರ ಎಲ್ಲರೂ ಮಾಡುವ ಕೆಲಸ ಅದು, ಆಮೇಲೆ ಮಗ್ಗಿ ಮರೆತುಹೋಗುತ್ತದೆ.

ಸಾಮಾನು ಮನೆಗೆ ಹಾಕಿ ಟ್ರಾಮ್ ಹತ್ತಿ ಮುಖ್ಯ ನಿಲ್ದಾಣದ ಹತ್ತಿರ ಇಳಿದಾಗ ಒಂದೂ ಕಾಲು. ನಿಲ್ದಾಣದ ಎದುರಿನ ಮ್ಯೂನ್ಷೆನರ್ ರಸ್ತೆ ಬೇರೆಯೇ ಲೋಕ. ಟರ್ಕಿಯವರ ತರಕಾರಿ ಅಂಗಡಿ, ಅರಬ್ಬೀ ಬೋರ್ಡು, ಎಲ್ಲಿಂದಲೋ ಏಲಕ್ಕಿ ವಾಸನೆ. ಅಲ್ಲೊಂದು ಫೋನ್ ಅಂಗಡಿ. ನಮ್ಮ ಹಳೇ ಎಸ್‌ಟಿಡಿ ಬೂತನ್ನೇ ಎತ್ತಿ ತಂದಿಟ್ಟ ಹಾಗೆ ಸಾಲಾಗಿ ಪ್ಲೈವುಡ್ ಗೂಡುಗಳು, ಒಂದು ಗೋಡೆಗೆ ನಾಲ್ಕೈದು ಕಂಪ್ಯೂಟರು. ಮಾಲೀಕರು ಲಾಹೋರಿನ ಕಡೆಯವರು. ನಾನು ಹಿಂದಿಯಲ್ಲಿ, "ಎರಡಕ್ಕೆ ಮುಚ್ಚುತ್ತೀರಾ?" ಅಂತ ಕೇಳಿದೆ. ಅವರು ನಕ್ಕರು. "ಇವತ್ತು ಮುಚ್ಚಿದರೆ ಹೇಗೆ? ಎಲ್ಲರಿಗೂ ಮನೆ ನೆನಪಾಗೋ ದಿನ ಇದು."

ನಿಜ. ಗೂಡುಗಳೆಲ್ಲ ಭರ್ತಿ. ಒಂದರಲ್ಲಿ ಆಫ್ರಿಕಾದ ಹೆಂಗಸೊಬ್ಬಳು ಮಗುವನ್ನು ಎತ್ತಿ ಹಿಡಿದು ರಿಸೀವರಿಗೆ ಅದರ ಬಾಯಿ ತಾಗಿಸುತ್ತಿದ್ದಳು. ಇನ್ನೊಂದರಲ್ಲಿ ಒಬ್ಬ ಆಳೆತ್ತರದ ಮನುಷ್ಯ ಗೋಡೆಗೆ ಹಣೆ ಒತ್ತಿಕೊಂಡು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದ. ನನ್ನ ಸರದಿಗೆ ಕಾಯುವಾಗ ಮಾಲೀಕರ ಪರದೆಯ ಮೇಲೆ ಕ್ರಿಕೆಟ್ ಸ್ಕೋರು. ಈಡನ್ ಗಾರ್ಡನ್ಸಿನಲ್ಲಿ ಭಾರತ-ಶ್ರೀಲಂಕಾ. "ಲಂಕಾ 315. ನಿಮ್ಮವರಿಗೆ ಕಷ್ಟ ಇದೆ" ಅಂದರು, ಸಂತೋಷವನ್ನು ಪೂರ್ತಿ ಮುಚ್ಚಿಡದೆ.

ನನಗೆ ಗೂಡು ಸಿಕ್ಕಿದಾಗ ಎರಡಕ್ಕೆ ಹತ್ತು ನಿಮಿಷ. ಊರಲ್ಲಿ ಆರೂ ಇಪ್ಪತ್ತು.

ಅಮ್ಮ ಎತ್ತಿದಳು. ತಲುಪಿದ್ಯಾ, ಊಟ ಎಂತ ಮಾಡಿದೆ, ಚಳಿ ಎಷ್ಟಿದೆ, ಕಿವಿಗೆ ಹತ್ತಿ ಇಟ್ಕಂಡಿದ್ಯಾ, ಎಲ್ಲ ಒಂದೇ ಉಸಿರಿಗೆ. ನಾನು ಪ್ಲಾಸ್ಟಿಕ್ ಚೀಲದ ಅನ್ನದ ಕಥೆ ಶುರು ಮಾಡುವಷ್ಟರಲ್ಲಿ, "ತಡಿ, ಅಪ್ಪಯ್ಯಂಗೆ ಕೊಡ್ತೀನಿ, ದುಡ್ಡು ಓಡ್ತದೆ" ಅಂದಳು.

"ಬಂದು ಕೂತಿದಾರೆ" ಅಂದರು ಅಪ್ಪಯ್ಯ, ದನಿ ತಗ್ಗಿಸಿ. ಏಳಕ್ಕೆ ಅಂದವರು ಆರಕ್ಕೇ ಬಂದಿದ್ದರು. "ಕಾಫಿ ಕುಡೀತಿದಾರೆ. ಕರೆಂಟ್ ಇಲ್ಲ."

"ಎಷ್ಟಕ್ಕೆ ಹೇಳ್ತಿದಾರೆ?"

ಹೇಳಿದರು. ದರ ಮೋಸದ್ದಲ್ಲ. ನಾನು ಕೈಯಲ್ಲಿದ್ದ ಬಿಲ್ಲಿನ ಹಿಂದೆ ಲೆಕ್ಕ ಹಾಕಿದೆ. ಆಳಿನ ಕೂಲಿ, ಸುಲಿಯುವ ಕೂಲಿ, ಸೌದೆ ಕಳೆದರೆ ನಾವೇ ಮಾಡಿದ್ದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸ ಉಳಿಯುತ್ತಿರಲಿಲ್ಲ. ಅದನ್ನೇ ಹೇಳಿದೆ.

"ಲೆಕ್ಕ ನಾನೂ ಹಾಕಿದೀನಿ" ಅಂದರು. ಸ್ವಲ್ಪ ಹೊತ್ತು ಮಾತಿಲ್ಲ. ತಂತಿಯಲ್ಲಿ ಗಾಳಿಯ ಹಾಗೆ ಒಂದು ಶಬ್ದ. ಗೂಡಿನೊಳಗಿನ ಮೀಟರಿನಲ್ಲಿ ಕೆಂಪು ಅಂಕಿಗಳು ಓಡುತ್ತಿದ್ದವು.

"ಕೊಟ್ರೆ ನಿಂಗೆ ಬೇಜಾರಾ?"

ಈ ಪ್ರಶ್ನೆಗೆ ನಾನು ತಯಾರಿರಲಿಲ್ಲ. ದರ ಸಾಕಾ, ಆ ಜನ ನಂಬಿಕಸ್ಥರಾ, ಮುಂಗಡ ಎಷ್ಟು ಅಂತೆಲ್ಲ ಕೇಳುತ್ತಾರೆ ಅಂದುಕೊಂಡಿದ್ದೆ. ತೋಟ ಅವರದ್ದು, ಬೆವರು ಅವರದ್ದು, ಮಂಡಿ ಅವರದ್ದು. ಒಪ್ಪಿಗೆ ಕೇಳುತ್ತಿದ್ದುದು ನನ್ನ ಹತ್ತಿರ. ನಾನು ಬೇಡ ಅಂದರೆ ಅವರು ಖಂಡಿತ ಕೊಡುತ್ತಿರಲಿಲ್ಲ, ಕುಂಟುತ್ತಲೇ ಹಂಡೆಯ ಕೆಳಗೆ ಬೆಂಕಿ ಮಾಡುತ್ತಿದ್ದರು. ನಾನು ಬೇಡ ಅನ್ನಲಿ ಅಂತ ಅವರಿಗಿತ್ತಾ? ಅಥವಾ ಕೊಡಿ ಅಂದು ಆ ಭಾರ ಇಳಿಸಲಿ ಅಂತಲಾ? ಇವತ್ತಿಗೂ ಒಂದೊಂದು ಸಲ ಒಂದೊಂದು ಅನಿಸುತ್ತದೆ.

"ಕೊಡಿ ಅಪ್ಪಯ್ಯ" ಅಂದೆ. "ಮಂಡಿಗೆ ರೆಸ್ಟ್ ಆಗ್ತದೆ."

"ಈ ವರ್ಷಕ್ಕೆ ಮಾತ್ರ."

"ಹೂಂ. ಈ ವರ್ಷಕ್ಕೆ ಮಾತ್ರ."

ಅಷ್ಟರಲ್ಲಿ ಅವರಿಗೆ ನನ್ನ ದುಡ್ಡಿನ ಚಿಂತೆ ಶುರುವಾಯಿತು. ಇಡ್ತೀನಿ ಇಡ್ತೀನಿ ಅಂತ ಇಟ್ಟೇಬಿಟ್ಟರು. ಒಂದು ಯೂರೋ ಎಪ್ಪತ್ತು ಸೆಂಟ್, ಅಂದರೆ ಸುಮಾರು 114 ರೂಪಾಯಿ. ಮಾಲೀಕರು ಚಿಲ್ಲರೆ ಎಣಿಸುತ್ತಾ, "ಮನೆಯಲ್ಲಿ ಎಲ್ಲ ಸೌಖ್ಯವಾ?" ಅಂದರು. ಸೌಖ್ಯ ಅಂದೆ.

ಹೊರಗೆ ಬಂದರೆ ಊರು ಮುಚ್ಚುತ್ತಿತ್ತು. ಶಟರುಗಳು ಒಂದೊಂದಾಗಿ ಇಳಿದವು. ಕೊನೆಯ ಗಿರಾಕಿಗಳು ಹೂವಿನ ಕಟ್ಟು, ಕೇಕಿನ ಡಬ್ಬಿ ಹಿಡಿದು ಓಡುತ್ತಿದ್ದರು. ಮೂರು ಗಂಟೆಗೆಲ್ಲ ರಸ್ತೆಯಲ್ಲಿ ನನ್ನ ಶೂ ಸದ್ದು ನನಗೇ ಕೇಳುತ್ತಿತ್ತು. ಮನೆಗೆ ಹೋದರೆ ಮಲಗಿಬಿಡುತ್ತೇನೆ ಅಂತ ನಡೆಯುತ್ತಲೇ ಇದ್ದೆ. ರೋಮರ್‌ಬೆರ್ಗ್ ಅಂತ ಅಲ್ಲೊಂದು ಚೌಕ. ಕ್ರಿಸ್ಮಸ್ ಮಾರುಕಟ್ಟೆ ನೋಡಬಹುದು ಅಂತ ಹೋದರೆ, ಅದು ಕ್ರಿಸ್ಮಸ್ಸಿಗೆ ಮುಂಚೆಯೇ ಮುಗಿಯುವಂಥದ್ದಂತೆ! ದೊಡ್ಡ ಮರವೊಂದು ಮಾತ್ರ ದೀಪ ಹೊತ್ತಿಸಿಕೊಂಡು ನಿಂತಿತ್ತು. ಚೌಕದ ಪೂರ್ವಕ್ಕೆ ಮರದ ತೊಲೆಗಳ ಚಂದದ ಮನೆಗಳ ಸಾಲು, ನೋಡಿದರೆ ಐನೂರು ವರ್ಷ ಹಳೆಯವು ಅನ್ನಬೇಕು. ನಿಜದಲ್ಲಿ ಆ ಸಾಲು 1944ರ ಬಾಂಬ್ ದಾಳಿಯಲ್ಲಿ ಸುಟ್ಟು ಬೂದಿಯಾಗಿತ್ತು. ಈಗ ಇರುವುದು 1981ರಿಂದ 84ರ ನಡುವೆ ಹಳೆಯದರ ಹಾಗೇ ಕಟ್ಟಿದ್ದು. ನನ್ನದೇ ವಯಸ್ಸು. ನಾಲ್ಕು ದಶಕ ಬಯಲಾಗಿದ್ದ ಜಾಗದಲ್ಲಿ ಅದೇ ತೊಲೆ, ಅದೇ ಮಾಡು, ಅದೇ ಕಿಟಕಿ ಬೇಕು ಅಂತ ಜನ ಹಟ ಹಿಡಿದು ಕಟ್ಟಿಕೊಂಡಿದ್ದರು. ನಕಲಿ ಅಂತ ಮೂಗು ಮುರಿಯುವವರೂ ಇದ್ದಾರಂತೆ. ನನಗೆ ಅವತ್ತು ಮೂಗು ಮುರಿಯಲು ಮನಸ್ಸಾಗಲಿಲ್ಲ.

ನಾಲ್ಕೂವರೆಗೆ ಕತ್ತಲು. ಐದರ ಹೊತ್ತಿಗೆ ಆ ಖಾಲಿ ಚೌಕಕ್ಕೆ ಎಲ್ಲಿಂದಲೋ ಜನ ಬರತೊಡಗಿದರು. ಮುದುಕರು, ಹೆಗಲ ಮೇಲೆ ಮಕ್ಕಳನ್ನು ಕೂರಿಸಿಕೊಂಡ ಅಪ್ಪಂದಿರು, ಥರ್ಮಾಸು ಹಿಡಿದ ಹುಡುಗರು. ಯಾಕೆ ಅಂತ ನನಗೆ ಗೊತ್ತಿಲ್ಲ. ಸರಿಯಾಗಿ ಐದಕ್ಕೆ ಒಂದು ಗಂಟೆ ಬಾರಿಸಿತು. ಆಮೇಲೆ ಇನ್ನೊಂದು ಕಡೆಯಿಂದ ಇನ್ನೊಂದು. ಆಮೇಲೆ ಎಣಿಕೆ ತಪ್ಪಿತು. ಊರ ನಡುವಿನ ಹತ್ತು ಚರ್ಚುಗಳು, ಒಟ್ಟು 50 ಗಂಟೆಗಳು, ವರ್ಷಕ್ಕೆ ನಾಲ್ಕೇ ಸಲ ಹೀಗೆ ಒಟ್ಟಿಗೆ ಬಾರಿಸುತ್ತವೆ, ಅದರಲ್ಲಿ ಇದೊಂದು. ಅರ್ಧ ಗಂಟೆ, ಬಿಡದೆ. ಯುದ್ಧವಾದ ಮೇಲೆ ಹೊಸ ಗಂಟೆ ಎರಕ ಹೊಯ್ಯುವಾಗ ಹತ್ತೂ ಕಡೆಯ ಸ್ವರ ಒಂದಕ್ಕೊಂದು ಹೊಂದಬೇಕು ಅಂತ ಲೆಕ್ಕ ಹಾಕಿಯೇ ಮಾಡಿದ್ದಂತೆ. ದೊಡ್ಡ ಚರ್ಚಿನ ಹಿರಿಯ ಗಂಟೆ ಒಂದೇ ಸುಮಾರು 12 ಟನ್. ಅದು ಕಿವಿಗಿಂತ ಮೊದಲು ಎದೆಗೆ ಕೇಳುತ್ತದೆ.

ಯಾರೂ ಮಾತಾಡುತ್ತಿರಲಿಲ್ಲ. ಫೋಟೋ ತೆಗೆಯುವವರೂ ಕಡಿಮೆ. ನನ್ನ ಪಕ್ಕದ ಅಜ್ಜ ಟೋಪಿ ತೆಗೆದು ಕೈಯಲ್ಲಿ ಹಿಡಿದು, ಬೋಳು ತಲೆಯನ್ನು ಚಳಿಗೆ ಕೊಟ್ಟು ನಿಂತಿದ್ದ. ನಾನು ನಿಂತಲ್ಲೇ ತೂಗುತ್ತಿದ್ದೆ. ನಿದ್ದೆಗೋ, ಆ ಸದ್ದಿಗೋ. ಊರಲ್ಲಿ ಆಗ ಒಂಬತ್ತೂವರೆ. ಹಿಂದಿನ ವರ್ಷ ಅದೇ ಹೊತ್ತಿಗೆ ನಾವೆಲ್ಲ ಊಟ ಮುಗಿಸಿ ಅಂಗಳದಲ್ಲಿ ಕೂತು ಕತ್ತಿಗೆ ಕಾಲು ಕೊಟ್ಟಿದ್ದೆವು. ಗಂಟೆಗಳು ಒಂದೊಂದಾಗಿ ನಿಂತವು. ಕೊನೆಯದು ನಿಂತ ಮೇಲೂ ಜನ ಒಂದೆರಡು ನಿಮಿಷ ಅಲ್ಲಾಡಲಿಲ್ಲ. ಆಮೇಲೆ ಒಬ್ಬರಿಗೊಬ್ಬರು ಹಬ್ಬದ ಶುಭಾಶಯ ಹೇಳಿಕೊಂಡರು. ಅಜ್ಜ ನನ್ನ ಕೈಯನ್ನೂ ಹಿಡಿದು ಕುಲುಕಿ, ಟೋಪಿ ಹಾಕಿಕೊಂಡು ಹೋದ.

ಕಬ್ಬಿಣದ ಕಾಲುಸೇತುವೆ ದಾಟಿ ಮನೆಗೆ ಬಂದೆ. ಚೀಲದ ಅನ್ನ, ಮೊಸರು, ಅಪ್ಪೆಮಿಡಿ. ಏಳಕ್ಕೆ ಬಿದ್ದವನಿಗೆ ಎಚ್ಚರವಾದದ್ದು ಒಂದೂವರೆಗೆ. ಊರಿನ ಆರು ಗಂಟೆ, ನನ್ನ 20,000 ಜೀವಕೋಶಗಳು ಒಂದು ನಿಮಿಷವೂ ಬಿಟ್ಟುಕೊಟ್ಟಿರಲಿಲ್ಲ. ಹೀಟರ್ ಟಿಕ್ ಟಿಕ್ ಅಂದಿತು. ಬೇರೆ ಯಾವ ಸದ್ದೂ ಇಲ್ಲ.

ಮುಂದಿನ ಮೂರು ದಿನವೂ ಹೀಗೇ, ಒಂದೊಂದು ಗಂಟೆ ತಡವಾಗಿ ಏಳುತ್ತಾ ಹೋದವು. ಸೋಮವಾರ ಆಫೀಸಿನಲ್ಲಿ ಸಿಮ್ ಸಿಕ್ಕಿತು. ಗುರುವಾರದ ಪಂದ್ಯ ಗೆದ್ದದ್ದೂ ಅಲ್ಲೇ ತಿಳಿಯಿತು. ಗಂಭೀರ್ 150, ಕೊಹ್ಲಿ ಅನ್ನೋ ಹುಡುಗನ ಮೊದಲ ಒನ್‌ಡೇ ಶತಕ, ತನಗೆ ಬಂದ ಪಂದ್ಯಶ್ರೇಷ್ಠ ಬಹುಮಾನವನ್ನು ಗಂಭೀರ್ ಆ ಹುಡುಗನಿಗೇ ಕೊಟ್ಟರಂತೆ. ಲಾಹೋರಿನವರ ಮುಖ ಒಮ್ಮೆ ನೋಡಬೇಕಿತ್ತು.

ಸಂಜೆ ಮನೆಗೆ ಹೊರಟವನು ದಾರಿಯಲ್ಲೇ ನಿಂತು ಊರಿಗೆ ಫೋನ್ ಮಾಡಿದೆ. ಶನಿವಾರ ಚೇಣಿಯವರು ಏಳು ಜನ ಬಂದಿದ್ದರಂತೆ, ಎರಡೇ ದಿನಕ್ಕೆ ತೋಟ ಮುಗಿಸಿ ಪಿಕಪ್ಪಿಗೆ ಹೇರಿಕೊಂಡು ಹೋದರಂತೆ. ತೂಕ ಸರಿಯಾಗೇ ಹಾಕಿದರಂತೆ. "ಅಂಗಳ ಎಷ್ಟು ಬೇಗ ಗುಡಿಸಿ ಆತು ಗೊತ್ತಾ" ಅಂದಳು ಅಮ್ಮ. "ನಿನ್ನ ಮೆಟ್ಟುಗತ್ತಿಗೆ ಎಣ್ಣೆ ಸವರಿ ಅಟ್ಟಕ್ಕೆ ಇಟ್ಟಿದೀನಿ, ತುಕ್ಕು ಹಿಡೀತದೆ ಇಲ್ದಿದ್ರೆ."

ಅಪ್ಪಯ್ಯ ಫೋನ್ ತಗೊಂಡರು. ಮುಂಗಡ ಬ್ಯಾಂಕಿಗೆ ಕಟ್ಟಿದ್ದನ್ನು ಹೇಳಿದರು. ಮಂಡಿ ಅಡ್ಡಿಲ್ಲ ಅಂದರು. ಇಡುವ ಮುಂಚೆ ಕೇಳಿದರು:

"ಅಲ್ಲೀಗ ಗಂಟೆ ಎಷ್ಟಾತು?"

"ನಾಲ್ಕೂ ಮುಕ್ಕಾಲು. ಕತ್ತಲಾಗಿದೆ."

"ಇಷ್ಟು ಬೇಗನಾ?" ಅಂದರು.